ಹೊಸ ಲ್ಯಾಪ್‌ಟಾಪಿನ ಬ್ಯಾಟರಿ

ಕೂಡಿಟ್ಟ ಹಣದಿಂದ ಲ್ಯಾಪ್‌ಟಾಪನ್ನು ಕೊಂಡುತಂದ ವಿದ್ಯಾರ್ಥಿಗೆ ಬಲ್ಲವರು ಹೇಳುವ ಮೊದಲ ಮಾತು: “ಪೂರ್ತಿ ಬರಿದಾಗದೆ ಮತ್ತೆ ಚಾರ್ಜು ಮಾಡಬೇಡ.” ನಿಕಲ್-ಕ್ಯಾಡ್ಮಿಯಂ ಕೋಶಗಳ ಕಾಲದಲ್ಲಿ ಈ ಮಾತಿಗೆ ಅರ್ಥವಿದ್ದಿತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನು ಕೋಶಕ್ಕೆ ಅದು ಸಲ್ಲದು.

ಈ ಕೋಶವನ್ನು ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೊಕ್ಕು ನೆಲೆಸುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಕೋಶವು ತುಂಬಿ ಅದರ ವಿಭವಾಂತರವು ಸುಮಾರು 4.2 ವೋಲ್ಟಿಗೆ ಏರಿದಾಗ, ಅದರಲ್ಲಿಯೂ ಬಿಸಿಯಾಗಿರುವಾಗ, ಒಳಗಿನ ದ್ರಾವಣವು ವಿದ್ಯುದ್ವಾರಗಳೊಡನೆ ನಿಧಾನವಾಗಿ ವರ್ತಿಸಿ ಕೊಂಚ ಲಿಥಿಯಂ ಶಾಶ್ವತವಾಗಿ ಬಂಧಿತವಾಗುವುದು. ಅಷ್ಟರಮಟ್ಟಿಗೆ ಬ್ಯಾಟರಿಯ ಧಾರಣಶಕ್ತಿ ಕುಗ್ಗಿತೆಂದೇ ತಿಳಿಯಬೇಕು.

ಆದುದರಿಂದ ಸದಾ ಪ್ಲಗ್ಗಿಗೆ ಸಿಕ್ಕಿಸಿಯೇ ಬಳಸುವವರು, ಸೆಟ್ಟಿಂಗ್ಸಿನಲ್ಲಿ ಅನುಕೂಲವಿದ್ದರೆ, ಚಾರ್ಜಿನ ಮಿತಿಯನ್ನು ಶೇಕಡಾ 80ಕ್ಕೆ ಗೊತ್ತುಮಾಡಿಕೊಳ್ಳಲಿ. ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿಗಳನ್ನು ಮುಚ್ಚುವುದನ್ನಂತೂ (ನಾನೂ ಮಾಡಿದ ತಪ್ಪಿದು!) ಮೊದಲ ದಿನದಿಂದಲೇ ಬಿಡಬೇಕು.