ಮುಂಗೋಳಿ ಕೂಗಿತು



ಆಳಂದ ಸೀಮೆಯ ಒಂದು ಊರು. ರಾತ್ರಿ ಎಂಟು ಗಂಟೆ. ಗುಡಿಯ ಕಟ್ಟೆಯ ಮೇಲೆ ಓದು-ಬರಹ ನಡೆದಿತ್ತು. ನಾವು ಹಲಗೆಯ ಮೇಲೆ ಮೂರು ಮಾತು ಬರೆದೆವು.

ಮುಂಗೋಳಿ. ಮುಂಗಾರಿ. ಮುಂಗಡ.

ಎಲ್ಲರೂ ಕೂಡಿ ಓದಿದರು. ಹಿಂದೆ ಕುಳಿತ ಹಿರಿಯರೊಬ್ಬರು ನಕ್ಕರು. “ಅಕ್ಕೋರ, ಇವು ಮೂರೂ ಒಂದೇ ತಾಯಿ ಮಕ್ಕಳಿದ್ದಂಗ ಅದಾವ್ರಿ. ಮೂರರ ಮಾರಿನೂ ಒಂದೇ ಅದ” ಎಂದರು.

ಅವರು ಹೇಳಿದ್ದು ಸರಿ. ಮೂರೂ ಮಾತಿನ ಮೊದಲಿಗೆ ‘ಮುಂ’ ಇದೆ. ಮುಂ ಎಂದರೆ ಮೊದಲು, ಮುಂದೆ. ಈ ಮಾತುಗಳು ಒಂದರ ಹಿಂದೆ ಇನ್ನೊಂದು ಬರುತ್ತದೆ ಎಂದು ತಿಳಿಸುತ್ತವೆ.

ಮುಂಗೋಳಿ ಕೂಗಿತು. ಹೊರಗೆ ಇನ್ನೂ ಕತ್ತಲೆ. ಆದರೂ ನಾವು ಏಳುತ್ತೇವೆ, ಒಲೆ ಹಚ್ಚುತ್ತೇವೆ. ಇನ್ನು ಸ್ವಲ್ಪ ಹೊತ್ತಿಗೆ ಬೆಳಗಾಗುತ್ತದೆ ಎಂದು ನಮಗೆ ಗೊತ್ತು. ಕೋಳಿ ಕೂಗಿದ್ದರಿಂದ ಬೆಳಗಾಗುವುದಿಲ್ಲ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದ ಅಜ್ಜಿಯ ಕಥೆ ನೀವು ಕೇಳಿದ್ದೀರಿ. ಬೆಳಗು ಬರುವುದನ್ನು ಕೋಳಿ ನಮಗಿಂತ ಮೊದಲು ಅರಿಯುತ್ತದೆ, ಅಷ್ಟೆ.

ಕಾರು ಎಂದರೆ ಮಳೆಗಾಲ. ಮೊದಲು ಬರುವುದು ಮುಂಗಾರು. ನಮ್ಮ ಕಡೆ ಮುಂಗಾರಿ ಅನ್ನುತ್ತೇವೆ. ಆಮೇಲೆ ಬರುವುದು ಹಿಂಗಾರಿ. ಮಿರಗ ಮಳೆ ಬಿದ್ದರೆ ತೊಗರಿ, ಹೆಸರು ಬಿತ್ತುತ್ತೇವೆ. ಹಿಂಗಾರಿಗೆ ಬಿಳಿಜೋಳ, ಕಡಲೆ.

ಮುಂಗಡ ಎಂದರೆ ಕೆಲಸಕ್ಕೆ ಮೊದಲೇ ಕೈಗೆ ಬರುವ ದುಡ್ಡು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರಿಗೆ ಇದು ಚೆನ್ನಾಗಿ ಗೊತ್ತು. ಈ ದುಡ್ಡಿನ ಹಿಂದೆ ದುಡಿತ ಇದೆ. ಕೂಲಿಯಲ್ಲಿ ಮುರಿದುಕೊಳ್ಳುವ ಲೆಕ್ಕವೂ ಇದೆ. ಆದ್ದರಿಂದ ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಕಾಗದ ಓದಿರಿ, ತಿಳಿದರೆ ಸಹಿ ಮಾಡಿರಿ. ಮುಂಗಡ ಕೊಟ್ಟಿದ್ದೇನೆಂದು ಯಾರನ್ನೂ ಹಿಡಿದಿಟ್ಟುಕೊಂಡು ದುಡಿಸುವಂತಿಲ್ಲ. ಜೀತ ಪದ್ಧತಿಯನ್ನು ರದ್ದು ಮಾಡಿದ ಕಾನೂನು 1976ರಲ್ಲೇ ಬಂದಿದೆ.

ಶಕುನವೋ, ಸೂಚನೆಯೋ?

ಜೇವರ್ಗಿ ಕಡೆಯ ಒಂದು ಮನೆಯ ಮಾತು. ಸೊಸೆ ಎಂಟು ತಿಂಗಳ ಬಸುರಿ. ಎರಡು ದಿನದಿಂದ ತಲೆ ಸಿಡಿಯುತ್ತಿತ್ತು. ಮುಖ, ಕೈ ಊದಿದ್ದವು. ಕಣ್ಣು ಮಂಜಾಗಿದ್ದವು. ಮೂರನೆಯ ದಿನ ಅತ್ತೆ ದವಾಖಾನೆಗೆ ಕರೆದುಕೊಂಡು ಹೊರಟರು. ಹೊಸ್ತಿಲು ದಾಟುವಾಗ ಯಾರೋ ಸೀನಿದರು. “ಇವತ್ತು ಬ್ಯಾಡ, ನಾಳೆ ಹೋಗೋಣು” ಎಂದು ಅತ್ತೆ ಒಳಗೆ ಬಂದರು.

ಅದೇ ರಾತ್ರಿ ಸೊಸೆಗೆ ಫಿಟ್ಸ್ ಬಂತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ನಾವು ಆ ಮನೆಗೆ ಹೋದಾಗ ಅತ್ತೆ ಅಂದರು: “ಮಾರಿ ಊದಿದ್ದು ಕಣ್ಣಿಗೆ ಕಾಣ್ತಿತ್ರಿ, ಅಕ್ಕೋರ. ನಾ ಸೀನಿನ ಮಾತು ಕೇಳಿದೆ.”

ಅವರನ್ನು ದೂರುವುದು ಬೇಡ. ಅವರ ಹಿರಿಯರು ಹಾಗೆ ಹೇಳಿಕೊಟ್ಟಿದ್ದರು. ಆದರೆ ನಾವು ಎರಡು ಮಾತನ್ನು ಬೇರೆ ಬೇರೆ ಮಾಡಿ ಕಲಿಯೋಣ. ಸೀನು, ಅಡ್ಡ ಬಂದ ಬೆಕ್ಕು, ಹಲ್ಲಿಯ ಲೊಚಗುಟ್ಟುವಿಕೆ, ಇವಕ್ಕೆ ಶಕುನ ಅನ್ನುತ್ತಾರೆ. ಮೋಡ, ಜ್ವರ, ಊತ, ಇವು ಸೂಚನೆ. ಮೊದಲೇ ಬರುವ ಸೂಚನೆಯೇ ಮುನ್ಸೂಚನೆ.

ಎರಡನ್ನೂ ಗುರುತಿಸುವುದು ಹೇಗೆ? ‘ಯಾಕೆ?’ ಎಂದು ಕೇಳಿ ನೋಡ್ರಿ.

ಕರಿಮೋಡ ಕವಿದರೆ ಮಳೆ ಯಾಕೆ? ಮೋಡದಲ್ಲಿ ನೀರಿದೆ. ಬಸುರಿಯ ತಲೆ ಸಿಡಿದು ಮುಖ ಊದಿದರೆ ಅಂಜಿಕೆ ಯಾಕೆ? ರಕ್ತದ ಒತ್ತಡ ಏರಿರಬಹುದು. ಅದು ಇನ್ನೂ ಏರಿದರೆ ಫಿಟ್ಸ್ ಬರಬಹುದು. ಯಾರೋ ಸೀನಿದರೆ ದಾರಿಯಲ್ಲಿ ಕೆಡುಕು ಯಾಕೆ? ಇದಕ್ಕೆ ಉತ್ತರ ಇಲ್ಲ. ಅವರ ಮೂಗಿಗೂ ನಮ್ಮ ದಾರಿಗೂ ನಂಟಿಲ್ಲ.

ಬಸುರಿಯಲ್ಲಿ ಈ ಮುನ್ಸೂಚನೆಗಳನ್ನು ನೆನಪಿಡಿರಿ:

ಜೋರಾದ ತಲೆನೋವು, ಕಣ್ಣು ಮಂಜಾಗುವುದು.
ಮುಖ, ಕೈ ಊದುವುದು.
ರಕ್ತ ಹೋಗುವುದು.
ದಿನ ತುಂಬುವ ಮೊದಲೇ ನೀರು ಹೋಗುವುದು.
ಹೊಟ್ಟೆಯಲ್ಲಿ ಕೂಸಿನ ಮಿಸುಕಾಟ ಕಡಿಮೆಯಾಗುವುದು.

ಇವುಗಳಲ್ಲಿ ಒಂದು ಕಂಡರೂ ಅಂದೇ ದವಾಖಾನೆಗೆ ಹೋಗಬೇಕು. ನಾಳೆ ಅನ್ನಬಾರದು. ಆಶಾ ಕಾರ್ಯಕರ್ತೆಗೆ ಹೇಳಿರಿ. 108ಕ್ಕೆ ಫೋನ್ ಮಾಡಿರಿ.

ಹೊಳೆಯ ಸುದ್ದಿ

ಮೈಗೆ ಇರುವಂತೆ ಹೊಳೆಗೂ ಮುನ್ಸೂಚನೆ ಇದೆ. ಅಫಜಲಪುರ, ಜೇವರ್ಗಿಯ ಭೀಮಾ ದಂಡೆಯವರಿಗೆ ಇದು ಗೊತ್ತು. ನಮ್ಮ ಊರಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾಗಿ ಉಜನಿ ಆಣೆಕಟ್ಟಿನಿಂದ ನೀರು ಬಿಟ್ಟರೆ, ಆ ನೀರು ಸೊನ್ನದ ಬ್ಯಾರೇಜಿಗೆ ಬರುತ್ತದೆ. 2020ರ ಅಕ್ಟೋಬರದಲ್ಲಿ ಹೀಗೇ ಬಂದು ದಂಡೆಯ ಊರುಗಳಿಗೆ ನುಗ್ಗಿತು. ನೀರು ಹರಿದು ಬರಲು ಹೊತ್ತು ಬೇಕು. ಅಷ್ಟರೊಳಗೆ ಡಂಗುರ ಸಾರುತ್ತಾರೆ. ಆ ಹೊತ್ತೇ ನಮ್ಮದು. ಮಕ್ಕಳು, ಮುದುಕರು, ದನಕರು, ಕಾಗದ-ಪತ್ರ ಎಲ್ಲವನ್ನೂ ಎತ್ತರದ ಜಾಗಕ್ಕೆ ಸಾಗಿಸಬೇಕು.

ಹೇಳದೆ ಬರುವುದು

ಎಲ್ಲಕ್ಕೂ ಮುನ್ಸೂಚನೆ ಸಿಗುವುದಿಲ್ಲ. 1993ರ ಸೆಪ್ಟೆಂಬರ್ 30. ನಸುಕಿನ ನಾಲ್ಕು ಗಂಟೆ ಇನ್ನೂ ಆಗಿರಲಿಲ್ಲ. ಆಳಂದದ ಆಚೆ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಕಲ್ಲು-ಮಣ್ಣಿನ ಭಾರದ ಮನೆಗಳು ಮಲಗಿದವರ ಮೇಲೆ ಬಿದ್ದವು. ಸುಮಾರು 10,000 ಜನ ಸತ್ತರು.

ಹಿಂದಿನ ವರ್ಷ, 1992ರಲ್ಲಿ, ಅಲ್ಲಿ ಸಣ್ಣ ಸಣ್ಣ ನಡುಕ ಬಂದಿದ್ದವು. ಅವು ಮುನ್ಸೂಚನೆ ಆಗಿದ್ದವು ಎಂದು ಆಮೇಲೆ ಅನೇಕರು ಅಂದರು. ಆದರೆ ಮೊದಲೇ ಹೇಳುವುದು ಹೇಗೆ? ಸಣ್ಣ ನಡುಕ ಬಂದಲ್ಲೆಲ್ಲ ದೊಡ್ಡದು ಬರುವುದಿಲ್ಲ. ಭೂಕಂಪ ಇಂಥ ದಿನ, ಇಂಥ ಊರಿಗೆ ಬರುತ್ತದೆ ಎಂದು ಇಂದಿಗೂ ಯಾವ ವಿಜ್ಞಾನಿಯೂ ಹೇಳಲಾರರು. ಹೇಳುತ್ತೇನೆ ಎನ್ನುವವರನ್ನು ನಂಬಬೇಡಿರಿ.

ಹಾಗಾದರೆ ಏನು ಮಾಡಬೇಕು? ಅದಕ್ಕೂ ಒಂದು ಮಾತಿದೆ: ಮುನ್ನೆಚ್ಚರಿಕೆ. ಮುನ್ ಮತ್ತು ಎಚ್ಚರಿಕೆ ಕೂಡಿ ಆದ ಮಾತು. ಗೋಡೆ ಗಟ್ಟಿ ಇರಲಿ. ಮಾಳಿಗೆ ಮೇಲೆ ಮಣ್ಣಿನ ಭಾರ ಕಡಿಮೆ ಇರಲಿ. ಹೊಸ ಮನೆ ಕಟ್ಟುವಾಗ ಗೋಡೆಗಳನ್ನು ಬಿಗಿಯುವ ಕಾಂಕ್ರೀಟ್ ಪಟ್ಟಿ ಹಾಕಿಸಿರಿ.

ಅಂದು ಹಲಗೆಯ ಮೇಲೆ ಮೂರೇ ಮಾತು ಇದ್ದವು. ಪಾಠ ಮುಗಿಯುವಾಗ ಐದಾದವು. ನಕ್ಕ ಹಿರಿಯರು ಕೊನೆಯ ಎರಡನ್ನು ತಾವೇ ಬಂದು ಬರೆದರು: ಮುನ್ಸೂಚನೆ, ಮುನ್ನೆಚ್ಚರಿಕೆ. ಒತ್ತಕ್ಷರ ತಪ್ಪಿತು. ಅಳಿಸಿ ಮತ್ತೆ ಬರೆದರು.

ನೀವೂ ಮಾಡಿರಿ

1. ‘ಮುಂ’ ಅಥವಾ ‘ಮುನ್’ ಇರುವ ಇನ್ನೂ ಮೂರು ಮಾತು ಬರೆಯಿರಿ.
2. ನಿಮ್ಮ ಮನೆಯಲ್ಲಿ ನಂಬುವ ಒಂದು ಶಕುನ ಹೇಳಿರಿ. ‘ಯಾಕೆ?’ ಎಂದು ಕೇಳಿರಿ. ಉತ್ತರ ಸಿಕ್ಕಿತೆ?
3. ನಿಮ್ಮ ಓಣಿಯಲ್ಲಿ ಬಸುರಿ ಇದ್ದಾಳೆಯೆ? ಮೇಲಿನ ಐದು ಸಾಲುಗಳನ್ನು ಅವಳಿಗೂ ಅವಳ ಅತ್ತೆಗೂ ಓದಿ ಹೇಳಿರಿ.