ಕ್ಯಾಮೆರಾ ಮೊದಲೋ, ಮಕ್ಕಳ ಓದು ಮೊದಲೋ?

ಕೋಟೇಶ್ವರದ ಸಮೀಪದ ಬೀಜಾಡಿಯಂಥ ಕಡಲತಡಿಯ ಊರಿನಲ್ಲಿ ಛಾಯಾಗ್ರಹಣವನ್ನೇ ಕಾಯಕವಾಗಿಸಿಕೊಂಡ ಗೃಹಸ್ಥನಿಗೆ ಇಂದು ಒಂದು ಇಕ್ಕಟ್ಟು ಎದುರಾಗುತ್ತದೆ. ಕೈಯಲ್ಲಿರುವುದು ಹಳೆಯ ಡಿ.ಎಸ್.ಎಲ್.ಆರ್. ಕ್ಯಾಮೆರಾ, ಮದುವೆಯ ಮನೆಯವರು ಬಯಸುವುದು ಹೊಸ ಮಿರರ್‌ಲೆಸ್ ಕ್ಯಾಮೆರಾದ ಚಿತ್ರ. ಮನೆಯಲ್ಲಿ ಪಿ.ಯು.ಸಿ. ಮುಗಿಸಿದ ಮಗಳಿದ್ದಾಳೆ. ಉಳಿತಾಯ ಒಂದು, ಬೇಡಿಕೆ ಎರಡು.

ಉಪಕರಣವಿಲ್ಲದೆ ದುಡಿಮೆಯಿಲ್ಲವೆಂಬುದು ನಿಜ. ಆದರೆ ಕರಾವಳಿಯ ಕಾಲಮಾನವನ್ನೂ ಗಮನಿಸಬೇಕು. ಮದುವೆಗಳ ಸಂಪಾದನೆ ಬಹುಮಟ್ಟಿಗೆ ಮಳೆಗೆ ಮುಂಚೆಯೇ ಮುಗಿಯುತ್ತದೆ. ಕಾಲೇಜಿನ ಶುಲ್ಕ ಕಟ್ಟಬೇಕಾದುದು ಮಳೆಗಾಲದಲ್ಲಿ. ಆದ್ದರಿಂದ ಬೇಸಿಗೆಯ ಗಳಿಕೆಯಲ್ಲಿ ಶುಲ್ಕದ ಪಾಲನ್ನು ಮೊದಲು ತೆಗೆದಿರಿಸಿ, ಉಳಿದುದರಲ್ಲಿ ಕ್ಯಾಮೆರಾದ ವಿಚಾರ ಮಾಡುವುದು ವಿವೇಕ. ಅಗತ್ಯವಾದ ದಿನ ಹೊಸ ಕ್ಯಾಮೆರಾವನ್ನು ಬಾಡಿಗೆಗೆ ತರಬಹುದು. ತಪ್ಪಿದ ಪ್ರವೇಶ ಮಗಳ ಒಂದು ವರ್ಷವನ್ನೇ ನುಂಗುತ್ತದೆ. ಕಡಲಗಾಳಿಯ ತೇವದಿಂದ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಕಾಪಾಡಿದರೆ ಹಳೆಯದೂ ಇನ್ನಷ್ಟು ಕಾಲ ದುಡಿದೀತು.

2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದ ಸಾಲದ ಅವಕಾಶವಿದೆ. ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಕುಟುಂಬದ ಅರ್ಹರಿಗೆ, 10 ಲಕ್ಷದವರೆಗಿನ ಸಾಲಕ್ಕೆ ಮರುಪಾವತಿ ಆರಂಭವಾಗುವ ಮುನ್ನಿನ ಅವಧಿಯಲ್ಲಿ ಶೇಕಡಾ 3ರ ಬಡ್ಡಿ ಸಹಾಯಧನವೂ ಉಂಟು. ಮಗಳು ಸೇರುವ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ಮೊದಲೇ ವಿಚಾರಿಸಬೇಕು.

ಈ ಲೆಕ್ಕವನ್ನು ತಂದೆಯೊಬ್ಬನೇ ಮಾಡದಿರಲಿ. ಮಗಳನ್ನೂ ಎದುರಿಗೆ ಕೂರಿಸಿಕೊಳ್ಳಲಿ. ಮನೆಯ ದುಡಿಮೆಯ ಬೆಲೆ ಅವಳಿಗೂ ತಿಳಿಯಲಿ.