ಗೋಡೆಯ ಬಣ್ಣ ತಿನ್ನುವ ಹಕ್ಕಿ

ಹಿಮ ಬೀಳುವ ಅಮೆರಿಕದ ಊರುಗಳಲ್ಲಿ ಚಳಿಗಾಲ ಬಂತೆಂದರೆ ಹಿತ್ತಿಲಲ್ಲಿ ಹಕ್ಕಿಗಳಿಗಾಗಿ ಫೀಡರ್ ತೂಗುಹಾಕುವುದು ವಾಡಿಕೆ. ಒಂದರಲ್ಲಿ ಸೂರ್ಯಕಾಂತಿ ಬೀಜ, ಪಕ್ಕದ ತಂತಿಗೂಡಿನಲ್ಲಿ ದನದ ಕೊಬ್ಬಿನ ಗಟ್ಟಿ. ಇಷ್ಟು ಮಾಡಿದ ಮೇಲೆ ನಾಲ್ಕು ದಿನ ಊರಿಗೆ ಹೋಗಲೂ ಕೆಲವರಿಗೆ ಅಳುಕು. ಡಬ್ಬಿ ಬರಿದಾದರೆ, ಕೂತು ತಿನ್ನುವುದನ್ನು ಕಲಿತ ಹಕ್ಕಿಗಳು ಉಪವಾಸ ಸತ್ತಾವು ಎಂಬ ನಂಬಿಕೆ.

ಹಕ್ಕಿ ಅಷ್ಟು ಪೆದ್ದಲ್ಲ. 1980ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ಸಂಶೋಧಕರಾದ ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತು ಸ್ಟ್ಯಾನ್ಲಿ ಟೆಂಪಲ್ ಕರಿನೆತ್ತಿಯ ಚಿಕಡೀ ಹಕ್ಕಿಗಳ ಬೆನ್ನುಬಿದ್ದರು. ಫೀಡರ್ ಕೈಗೆಟುಕುವಂತಿದ್ದರೂ ಅವು ದಿನದ ಆಹಾರದಲ್ಲಿ ಶೇಕಡಾ 21ರಷ್ಟನ್ನು ಮಾತ್ರ ಅಲ್ಲಿಂದ ಪಡೆಯುತ್ತಿದ್ದವು, ಉಳಿದದ್ದು ಕಾಡಿನದೇ. 25 ವರ್ಷ ಕಾಳು ಹಾಕುತ್ತಿದ್ದ ಜಾಗದಿಂದ ಫೀಡರ್‌ಗಳನ್ನು ತೆಗೆದಾಗ, ಅಲ್ಲಿನ ಚಿಕಡೀಗಳು ಫೀಡರ್‌ನ ಮುಖವನ್ನೇ ಕಾಣದ ಚಿಕಡೀಗಳಷ್ಟೇ ಚೆನ್ನಾಗಿ ಬದುಕಿದವು.

ಹಾಗೆಂದು ಹಾಕಿದ ಕಾಳು ದಂಡವೂ ಅಲ್ಲ. ಅವರದೇ ಇನ್ನೊಂದು ಅಧ್ಯಯನದಲ್ಲಿ ಫೀಡರ್ ಇದ್ದ ಕಡೆ ನೂರಕ್ಕೆ 69 ಚಿಕಡೀಗಳು ಚಳಿಗಾಲ ದಾಟಿದರೆ, ಇಲ್ಲದ ಕಡೆ ದಾಟಿದ್ದು 37. ಅಂತರ ಎದ್ದು ಕಂಡದ್ದು ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿಳಿದ ಕಡುಚಳಿಯಲ್ಲಿ.

ಚಿಕಡೀ ಉಣ್ಣುವುದನ್ನೊಮ್ಮೆ ನೋಡಬೇಕು. ಬರುತ್ತದೆ, ಒಂದು ಬೀಜ ಎತ್ತುತ್ತದೆ, ಹಗುರವೆನಿಸಿದರೆ ಬಿಸಾಡಿ ಇನ್ನೊಂದು ಕಚ್ಚುತ್ತದೆ, ಹಾರುತ್ತದೆ. ಕೊಂಬೆಯ ಮೇಲೆ ಬೀಜವನ್ನು ಕಾಲಡಿ ಒತ್ತಿಹಿಡಿದು ಕೊಕ್ಕಿನಿಂದ ಟಕಟಕನೆ ಕುಟ್ಟಿ ಒಡೆಯುತ್ತದೆ; ಇಲ್ಲವೇ ತೊಗಟೆಯ ಸಂದಿಗೆ ತುರುಕಿ ನಾಳೆಗೆ ಇಡುತ್ತದೆ. ಕೆಳಗೆ ಚೆಲ್ಲಾಡಿದ ಕಾಳು ಕಂಡು ‘ಪೋಲುಗಾರ’ ಎಂದು ಬೈಯುವವರು ಈ ತೂಕದ ಲೆಕ್ಕ ಗಮನಿಸಿರುವುದಿಲ್ಲ.

ಇನ್ನು ಬ್ಲೂ ಜೇ. (ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವನ್ನೂ ಬ್ರಿಟಿಷರು ಇದೇ ಹೆಸರಿನಿಂದ ಕರೆಯುತ್ತಿದ್ದರು, ಅಮೆರಿಕದ್ದು ಮಾತ್ರ ಕಾಗೆಯ ಬಳಗ.) ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಇದು ಚಳಿಗಾಲದಲ್ಲಿ ಮನೆಗೋಡೆಯ ತಿಳಿಬಣ್ಣವನ್ನು ಕುಕ್ಕಿ ಕುಕ್ಕಿ ತಿನ್ನುತ್ತದೆ, ಸಾಲದ್ದಕ್ಕೆ ಚಕ್ಕೆಗಳನ್ನು ಕೂಡಿಡುತ್ತದೆ. ಮನೆಯವರಿಗೆ ಇದು ಬರೀ ಪುಂಡಾಟ. ಆದರೆ ಬಣ್ಣದಲ್ಲಿ ಸುಣ್ಣಕಲ್ಲಿನ ಪುಡಿ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ನೆಲವೆಲ್ಲ ಹಿಮದಡಿ, ಆಮ್ಲಮಳೆಯಿಂದ ಅಲ್ಲಿನ ಮಣ್ಣಿನ ಸುಣ್ಣಾಂಶ ಮೊದಲೇ ಸವೆದಿದೆ, ವಸಂತದಲ್ಲಿ ಮೊಟ್ಟೆಯ ಚಿಪ್ಪಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಬಸುರಿಯರು ಬಳಪ ಮೆಲ್ಲುವುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾದೀತು. ಕೋಳಿಮೊಟ್ಟೆಯ ಸಿಪ್ಪೆಯನ್ನು ಚೆನ್ನಾಗಿ ಕಾಯಿಸಿ, ಪುಡಿಮಾಡಿ ಫೀಡರ್ ಬಳಿ ಇಟ್ಟವರ ಗೋಡೆಗಳು ಉಳಿದುಕೊಂಡಿವೆ.

ಪುಟ್ಟ ಹಕ್ಕಿಗಳೆಲ್ಲ ಕಾಳುಭಕ್ತ ಸಸ್ಯಾಹಾರಿಗಳೆಂಬ ಭ್ರಮೆಯೂ ಉಂಟು. ಚಿಕಡೀ ಸತ್ತ ಜಿಂಕೆಯ ಕೊಬ್ಬನ್ನೂ ಕಿತ್ತು ತಿನ್ನುತ್ತದೆ. ಅದರ ಯುರೋಪಿನ ನೆಂಟ ಗ್ರೇಟ್ ಟಿಟ್ ಇನ್ನೂ ಒಂದು ಹೆಜ್ಜೆ ಮುಂದೆ. ಹಂಗೆರಿಯ ಗುಹೆಯೊಂದರಲ್ಲಿ ಶಿಶಿರನಿದ್ರೆಯಲ್ಲಿದ್ದ ಪುಟ್ಟ ಬಾವಲಿಗಳನ್ನು ಅದು ಹುಡುಕಿ ಕೊಂದು ತಿನ್ನುವುದನ್ನು ಸಂಶೋಧಕ ಪೀಟರ್ ಎಸ್ಟೋಕ್ ಮತ್ತು ಸಂಗಡಿಗರು ಎರಡು ಚಳಿಗಾಲಗಳಲ್ಲಿ 18 ಬಾರಿ ಕಂಡರು. ನಿದ್ದೆಗೆ ಭಂಗವಾದಾಗ ಬಾವಲಿ ಹೊರಡಿಸುವ ಸದ್ದೇ ಬೇಟೆಗಾರನಿಗೆ ಸುಳಿವು. ಗುಹೆಯ ಬಳಿ ಸೂರ್ಯಕಾಂತಿ ಬೀಜ, ಹಂದಿಮಾಂಸದ ತುಣುಕು ಇಟ್ಟು ನೋಡಿದಾಗ ಟಿಟ್‌ಗಳು ಹೆಚ್ಚುಕಡಿಮೆ ಬಾವಲಿಯ ಗೊಡವೆ ಬಿಟ್ಟು ಅದಕ್ಕೇ ಮುಗಿಬಿದ್ದವು.